ಇಟ್ಟಿಗೆಯಲ್ಲಿ ಬರೆದ ದೈವಶಾಸ್ತ್ರ: ಪ್ಯೂಜಿನ್ನರ ‘ಗ್ರೇಂಜ್’ ಮನೆ

ಧರ್ಮಸಭೆಯ ಇತಿಹಾಸವನ್ನು ನಾವು ಸಾಮಾನ್ಯವಾಗಿ ಮಹಾಸಭೆಗಳ ನಿರ್ಣಯಗಳಲ್ಲಿ, ಸಂತರ ಚರಿತ್ರೆಗಳಲ್ಲಿ ಅರಸುತ್ತೇವೆ. ಒಂದು ವಾಸದ ಮನೆಯೂ ಆ ಇತಿಹಾಸಕ್ಕೆ ಆಕರವಾಗಬಲ್ಲದು ಎಂಬುದಕ್ಕೆ ಇಂಗ್ಲೆಂಡಿನ ಕೆಂಟ್ ಪ್ರಾಂತ್ಯದ ರಾಮ್ಸ್‌ಗೇಟ್ ಕಡಲತೀರದಲ್ಲಿರುವ ‘ದಿ ಗ್ರೇಂಜ್’ ಸಾಕ್ಷಿ. ವಾಸ್ತುಶಿಲ್ಪಿ ಅಗಸ್ಟಸ್ ವೆಲ್ಬಿ ಪ್ಯೂಜಿನ್ನರು 1843-44ರಲ್ಲಿ ತಮ್ಮ ಕುಟುಂಬಕ್ಕಾಗಿ ಕಟ್ಟಿಕೊಂಡ ಮನೆ ಇದು.

ಪ್ಯೂಜಿನ್ನರು ಹುಟ್ಟಿದ್ದು 1812ರಲ್ಲಿ. ಇಂಗ್ಲೆಂಡಿನ ಕಥೋಲಿಕರಿಗೆ ಸಂಸತ್ತಿನ ಬಾಗಿಲು ತೆರೆದದ್ದು 1829ರ ವಿಮೋಚನಾ ಕಾಯ್ದೆಯಿಂದ. ಅದಾಗಿ ಆರು ವರ್ಷಗಳಲ್ಲಿ, ಅಂದರೆ 1835ರಲ್ಲಿ, ಪ್ಯೂಜಿನ್ನರು ಕಥೋಲಿಕ ಧರ್ಮಸಭೆಯನ್ನು ಸೇರಿದರು. ಮುಂದೆ ಚಾರ್ಲ್ಸ್ ಬ್ಯಾರಿಯವರೊಡನೆ ಲಂಡನ್ನಿನ ಸಂಸತ್ ಭವನದ ಒಳಾಂಗಣವನ್ನು ರೂಪಿಸಿ ಖ್ಯಾತರಾದರು.

1841ರಲ್ಲಿ ಪ್ರಕಟವಾದ ಗ್ರಂಥದಲ್ಲಿ ಅವರು ಎರಡು ತತ್ತ್ವಗಳನ್ನು ಮಂಡಿಸಿದರು. ಅನುಕೂಲ, ರಚನೆ ಅಥವಾ ಔಚಿತ್ಯಕ್ಕೆ ಬೇಕಿಲ್ಲದ ಯಾವುದೂ ಕಟ್ಟಡದಲ್ಲಿ ಇರಬಾರದು ಎಂಬುದು ಮೊದಲನೆಯದು. ಅಲಂಕಾರವು ರಚನೆಯನ್ನೇ ಸಿಂಗರಿಸಬೇಕೇ ಹೊರತು ಅದರ ಮೇಲೆ ಅಂಟಿಸಿದ್ದಾಗಬಾರದು ಎಂಬುದು ಎರಡನೆಯದು. ಅವರಿಗೆ ಇದು ಕೇವಲ ಅಭಿರುಚಿಯ ಮಾತಲ್ಲ, ಸತ್ಯದ ಪ್ರಶ್ನೆ. ಸುಳ್ಳು ಹೇಳುವ ಗೋಡೆಯೊಳಗೆ ಸತ್ಯದೇವರ ಆರಾಧನೆ ಹೇಗೆ ಸಾಧ್ಯ ಎಂಬುದು ಅವರ ವಾದದ ತಿರುಳು.

ಈ ತತ್ತ್ವಗಳಿಗೆ ಗ್ರೇಂಜ್ ಪ್ರಯೋಗಶಾಲೆಯಾಯಿತು. ಅಂದಿನ ರಾಮ್ಸ್‌ಗೇಟಿನಲ್ಲಿ ಗಾರೆ ಬಳಿದ, ಸಮಪಾರ್ಶ್ವದ ಮನೆಸಾಲುಗಳೇ ಫ್ಯಾಷನ್ನಾಗಿದ್ದವು. ಪ್ಯೂಜಿನ್ನರ ಮನೆಯಲ್ಲಿ ಹಳದಿ ಇಟ್ಟಿಗೆ ಇಟ್ಟಿಗೆಯಾಗಿಯೇ ಕಾಣುತ್ತದೆ. ಮೊದಲು ಒಳಗಿನ ಬದುಕನ್ನು ನೆನೆದು, ಆಮೇಲೆ ಹೊರಮೈಯನ್ನು ರೂಪಿಸಿದ್ದಾರೆ. ನಡುವಿನ ಎತ್ತರದ ಮೆಟ್ಟಿಲ ಹಜಾರದ ಸುತ್ತ ಕೋಣೆಗಳು. ಕೋಣೆಯ ಅಗತ್ಯವೇ ಕಿಟಕಿಯ ಸ್ಥಾನವನ್ನು ನಿರ್ಧರಿಸುತ್ತದೆ. ಕಡಲಿಗೆ ಮುಖಮಾಡಿದ ಗ್ರಂಥಾಲಯವೇ ಅವರ ಕಾರ್ಯಾಗಾರ. ಅದೇ ಸೂರಿನಡಿ ಒಂದು ಪುಟ್ಟ ಪ್ರಾರ್ಥನಾಲಯ. ದುಡಿಮೆ, ಸಂಸಾರ, ಪ್ರಾರ್ಥನೆ ಮೂರೂ ಒಂದೇ ಮನೆಯಲ್ಲಿ ನೆಲೆಸಿದವು. ಮೇಲೊಂದು ಗೋಪುರ: ಗುಡ್‌ವಿನ್ ಮರಳದಿಣ್ಣೆಗಳಿಗೆ ಸಿಲುಕಿದ ಹಡಗುಗಳನ್ನು ಅವರು ಅಲ್ಲಿಂದ ಗಮನಿಸುತ್ತಿದ್ದರು. ಬಲಿಪೀಠವೂ ನೆರೆಯವನ ಸಂಕಟದ ಕಡೆಗಿನ ನೋಟವೂ ಒಂದೇ ಮನೆಯ ಅಂಗಗಳಾದದ್ದು ಗಮನಾರ್ಹ.

ಮನೆಯ ಮಗ್ಗುಲಲ್ಲೇ 1845ರಿಂದ ಸ್ವಂತ ಹಣದಿಂದ ಸಂತ ಅಗಸ್ಟೀನರ ದೇವಾಲಯವನ್ನು ಕಟ್ಟತೊಡಗಿದರು. ಜಗದ್ಗುರು ಮಹಾ ಗ್ರೆಗೊರಿಯವರು ಕಳುಹಿಸಿದ ಅಗಸ್ಟೀನರು 597ರಲ್ಲಿ ಬಂದಿಳಿದದ್ದು ಇದೇ ಥಾನೆಟ್ ನೆಲದಲ್ಲಿ. 1852ರ ಸೆಪ್ಟೆಂಬರ್ 14ರಂದು, ನಲವತ್ತರ ವಯಸ್ಸಿನಲ್ಲಿ, ಪ್ಯೂಜಿನ್ನರು ಗ್ರೇಂಜ್‌ನಲ್ಲೇ ನಿಧನರಾಗಿ ಆ ದೇವಾಲಯದಲ್ಲಿ ಸಮಾಧಿಗೊಂಡರು. ಅದರ ಶಿಖರ ಇಂದಿಗೂ ಏರಿಲ್ಲ. ಮನೆಯನ್ನು ಲ್ಯಾಂಡ್‌ಮಾರ್ಕ್ ಟ್ರಸ್ಟ್ 1997ರಲ್ಲಿ ಪಡೆದು ಜೀರ್ಣೋದ್ಧಾರ ಮಾಡಿತು.

ಪ್ಯೂಜಿನ್ನರ ಮಿತಿಯನ್ನೂ ಹೇಳಬೇಕು. ಗಾಥಿಕ್ ಒಂದೇ ಕ್ರೈಸ್ತ ಶೈಲಿ ಎಂದು ಅವರು ಹಟಹಿಡಿದರು. ನ್ಯೂಮನ್ನರು ಇದನ್ನು ಒಪ್ಪಲಿಲ್ಲ. ಹದಿನಾರನೆಯ ಶತಮಾನದಲ್ಲಿ ಹುಟ್ಟಿದ ತಮ್ಮ ಓರಟರಿಗೆ ಮಧ್ಯಯುಗದ ಉಡುಪು ಹೊಂದದೆಂಬುದು ಅವರ ನಿಲುವು. ದ್ವಿತೀಯ ವ್ಯಾಟಿಕನ್ ಮಹಾಸಭೆ 1963ರ ದೈವಾರಾಧನಾ ಸಂವಿಧಾನದಲ್ಲಿ, ಧರ್ಮಸಭೆಯು ಯಾವೊಂದು ಶೈಲಿಯನ್ನೂ ತನ್ನದೇ ಎಂದು ಸ್ವೀಕರಿಸಿಲ್ಲವೆಂದು ಸ್ಪಷ್ಟಪಡಿಸಿತು.

ಹಾಗಾದರೆ ಗ್ರೇಂಜ್ ನಮಗೇನು ಕಲಿಸುತ್ತದೆ? ಗಾಥಿಕ್ ನಮ್ಮ ನಾಡಿಗೂ ಬಂದಿದೆ. 1933ರಲ್ಲಿ ಅಡಿಗಲ್ಲು ಕಂಡ ಮೈಸೂರಿನ ಸಂತ ಫಿಲೋಮಿನಾ ದೇವಾಲಯವನ್ನು ನಾವೆಲ್ಲ ಬಲ್ಲೆವು. ಆದರೆ ಕಾಂಕ್ರೀಟು ಚೌಕಟ್ಟಿಗೆ ಚೂಪು ಕಮಾನು ಅಂಟಿಸುವುದು ಪ್ಯೂಜಿನ್ನರ ಅನುಕರಣೆಯಲ್ಲ, ಅವರ ನಿರಾಕರಣೆ. ಅಂತೆಯೇ, ಕೇವಲ ಅಲಂಕಾರಕ್ಕೆಂದು ಮಂಟಪದ ಕಂಬಗಳನ್ನು ನಿಲ್ಲಿಸಿದ ಮಾತ್ರಕ್ಕೆ ಸಾಂಸ್ಕೃತೀಕರಣವೂ ಆಗದು. ಶೈಲಿ ಅವರ ಕಾಲದ್ದು, ಸತ್ಯನಿಷ್ಠೆ ಎಲ್ಲ ಕಾಲದ್ದು.

ಇಂದಿನ ಗುರುಅಭ್ಯರ್ಥಿಗಳು ನಾಳೆ ದೇವಾಲಯವನ್ನೋ ಗುರುನಿವಾಸವನ್ನೋ ಕಟ್ಟಿಸಬೇಕಾಗುತ್ತದೆ. ನಕ್ಷೆಗೆ ಸಹಿ ಹಾಕುವ ಮುನ್ನ ಕೇಳಿಕೊಳ್ಳಬೇಕಾದ ಪ್ರಶ್ನೆಗಳು ಮೂರು: ಈ ಗೋಡೆ ನಿಜ ಹೇಳುತ್ತದೆಯೇ? ಇದರೊಳಗೆ ಪ್ರಾರ್ಥನೆಗೆ ತಾವಿದೆಯೇ? ಇಲ್ಲಿಂದ ನೆರೆಯವನ ಸಂಕಟ ಕಾಣುತ್ತದೆಯೇ?