ದುಡಿಮೆಯ ಹೆಸರು, ಒಡೆತನದ ಹೆಸರು: ಕಲಬುರಗಿ ಗಡಿಸೀಮೆಯ ವ್ಯಾಪಾರ ಪರಂಪರೆಯಲ್ಲಿ ಮಹಿಳೆ

ಕನ್ನಡದಲ್ಲಿ ಹೆಣ್ಣಿನ ಸ್ಥಾನವನ್ನು ಸೂಚಿಸುವ ಪದಗಳನ್ನು ಸ್ಥೂಲವಾಗಿ ಎರಡು ಬಗೆಯಾಗಿ ವಿಂಗಡಿಸಬಹುದು. ಸೂಲಗಿತ್ತಿ, ಹೂವಾಡಗಿತ್ತಿ ಎಂಬಂಥವು ಮೊದಲ ಬಗೆಯವು. ಇಲ್ಲಿ ಹೆಸರು ಬಂದಿರುವುದು ಆಕೆಯ ಕೈಕೆಲಸದಿಂದ. ಸೂಲಗಿತ್ತಿಗೆ ಸಂವಾದಿಯಾದ ಪುಲ್ಲಿಂಗ ಪದವೇ ಬಳಕೆಯಲ್ಲಿಲ್ಲ. ಗೌಡತಿ, ಶೆಟ್ಟಿತಿ, ಸಾಹುಕಾರ್ತಿ ಎಂಬಂಥವು ಎರಡನೆಯ ಬಗೆಯವು. ಗೌಡಿಕೆ ನಡೆಸುವವಳು ಗೌಡತಿಯಲ್ಲ, ಗೌಡನನ್ನು ಮದುವೆಯಾದವಳು ಗೌಡತಿ. ಸಾಹುಕಾರ್ತಿಯು ಸಾಹುಕಾರಿಕೆ ಮಾಡಬೇಕೆಂದೇನೂ ಇಲ್ಲ. ದುಡಿಮೆಯ ಹೆಸರು ಹೆಣ್ಣಿಗೆ ನೇರವಾಗಿ ದೊರೆತಿದ್ದರೆ, ಒಡೆತನದ ಹೆಸರು ಬಹುಮಟ್ಟಿಗೆ ಗಂಡನ ಮೂಲಕವೇ ದೊರೆತಿದೆ. ವ್ಯಾಪಾರ-ವ್ಯವಹಾರಗಳಲ್ಲಿ ಮಹಿಳಾ ನೇತೃತ್ವದ ಚರ್ಚೆಯು ಸಾಮಾನ್ಯವಾಗಿ ಮಹಾನಗರಗಳ ಕಂಪನಿಗಳನ್ನು ಕುರಿತು ನಡೆಯುತ್ತದೆ. ಆದರೆ ಅದರ ಮೂಲ ಪ್ರಶ್ನೆ ಈ ಎರಡು ಬಗೆಯ ಪದಗಳ ನಡುವಿನ ಅಂತರದಲ್ಲಿಯೇ ಇದೆ. ಮಹಿಳೆ ವ್ಯಾಪಾರದಲ್ಲಿ ಇರಲಿಲ್ಲವೆಂಬುದು ಸಮಸ್ಯೆಯಲ್ಲ. ಇದ್ದೂ ಲೆಕ್ಕದ ಪುಸ್ತಕ ಆಕೆಯ ಹೆಸರಿನಲ್ಲಿರಲಿಲ್ಲವೆಂಬುದು ಸಮಸ್ಯೆ.

ಈ ದೃಷ್ಟಿಯಿಂದ ಕಲಬುರಗಿ ಜಿಲ್ಲೆಯ ಆಳಂದ, ಅಫಜಲಪುರ, ಜೇವರ್ಗಿ ತಾಲೂಕುಗಳ ಸೀಮೆ ಅಧ್ಯಯನಯೋಗ್ಯವಾದುದು. ಆಳಂದ ತಾಲೂಕಿನ ಹಿರೋಳ್ಳಿಯಂತಹ ಗ್ರಾಮಗಳು ಮಹಾರಾಷ್ಟ್ರದ ಗಡಿಗೆ ತಾಗಿಕೊಂಡಿವೆ. ಇಲ್ಲಿನ ಜನರಿಗೆ ಒಂದು ಬದಿಗೆ ಆಳಂದ, ಕಲಬುರಗಿಯ ಪೇಟೆಗಳು. ಇನ್ನೊಂದು ಬದಿಗೆ ಅಕ್ಕಲಕೋಟೆ, ಸೊಲ್ಲಾಪುರ. 1956ಕ್ಕೆ ಮೊದಲು ಹೈದರಾಬಾದ್ ಸಂಸ್ಥಾನದ ಆಡಳಿತ, ಪಕ್ಕದಲ್ಲಿಯೇ ಅಕ್ಕಲಕೋಟೆಯ ಸಂಸ್ಥಾನ, ಅದರಾಚೆ ಮುಂಬಯಿ ಪ್ರಾಂತ. ಹೀಗೆ ಆಡಳಿತಗಳು ಹಲವು, ಭಾಷೆಗಳು ಹಲವು. ನೆಲ ಮಾತ್ರ ಒಂದೇ ಎರೆಭೂಮಿ. ಹಿಂಗಾರಿ ಜೋಳ ಮತ್ತು ತೊಗರಿ ಇದರ ಮುಖ್ಯ ಬೆಳೆಗಳು.

ಶಾಸನಗಳ ಕಾಲಕ್ಕೆ ಹೋದರೆ ಹೆಣ್ಣಿನ ಅಧಿಕಾರದ ನಿದರ್ಶನಗಳು ದೊರೆಯದೆ ಇಲ್ಲ. ಇದೇ ಜಿಲ್ಲೆಯ ಮಳಖೇಡವನ್ನು ರಾಜಧಾನಿಯಾಗಿಸಿಕೊಂಡಿದ್ದ ರಾಷ್ಟ್ರಕೂಟರ ಆಳ್ವಿಕೆಯಲ್ಲಿ, ಹತ್ತನೆಯ ಶತಮಾನದ ಆರಂಭದಲ್ಲಿ, ನಾಗರಖಂಡದ ನಾಳ್ಗಾವುಂಡಿಕೆಯನ್ನು ಜಕ್ಕಿಯಬ್ಬೆ ನಿರ್ವಹಿಸಿದಳು. ಅದು ಗಂಡನ ಮರಣಾನಂತರ ಆಕೆಗೆ ಬಂದ ಅಧಿಕಾರವಾದರೂ, ಆಕೆ ಹೆಸರಿಗೆ ಮಾತ್ರ ಗಾವುಂಡಿಯಾಗಿರಲಿಲ್ಲ. ಲಕ್ಕುಂಡಿಯ ಅತ್ತಿಮಬ್ಬೆ ಪೊನ್ನನ ಶಾಂತಿಪುರಾಣದ ಸಾವಿರ ಪ್ರತಿಗಳನ್ನು ಮಾಡಿಸಿದ್ದನ್ನು ಸಾಹಿತ್ಯ ಚರಿತ್ರೆಗಳು ದಾನವೆಂದು ಕೊಂಡಾಡುತ್ತವೆ. ಓಲೆ, ಲಿಪಿಕಾರರು, ಅವರ ಜೀವಿತ, ವಿತರಣೆ ಇವೆಲ್ಲವನ್ನೂ ಹೊಂದಿಸಿದ ಕಾರ್ಯವನ್ನು ಸಂಘಟನೆಯೆಂದು ಕೂಡ ಕರೆಯಬೇಕಾಗುತ್ತದೆ. ಆದರೆ ಇವರೆಲ್ಲ ಅಧಿಕಾರಸ್ಥ ಮನೆತನಗಳವರು. ಇವರ ನಿದರ್ಶನದಿಂದ ಸಂತೆಯಲ್ಲಿ ಕುಳಿತ ಹೆಣ್ಣಿನ ಬಗೆಗೆ ತೀರ್ಮಾನಕ್ಕೆ ಬರುವುದು ಅವಸರದ ಕೆಲಸವಾದೀತು.

ಸಂತೆಯ ಹೆಣ್ಣು ಕನ್ನಡದ ಬರಹದಲ್ಲಿ ಸ್ಪಷ್ಟವಾಗಿ ಕಾಣಿಸಿಕೊಳ್ಳುವುದು ಹನ್ನೆರಡನೆಯ ಶತಮಾನದ ಕಲ್ಯಾಣದಲ್ಲಿ. ಮೂವತ್ತಕ್ಕೂ ಹೆಚ್ಚಿನ ವಚನಕಾರ್ತಿಯರಲ್ಲಿ ಹಲವರ ಹೆಸರಿನ ಮುಂದೆ ಕಾಯಕವೇ ಇದೆ: ಕೊಟ್ಟಣದ ಸೋಮಮ್ಮ, ಕದಿರ ರೆಮ್ಮವ್ವೆ, ಆಯ್ದಕ್ಕಿ ಲಕ್ಕಮ್ಮ. ಭತ್ತ ಕುಟ್ಟುವುದು, ನೂಲು ತೆಗೆಯುವುದು, ಅಕ್ಕಿ ಆಯುವುದು ಇವೆಲ್ಲ ಆಗಿನ ಪೇಟೆಯ ಅತ್ಯಂತ ಕೆಳಹಂತದ ದುಡಿಮೆಗಳು. ಅವು ಹೆಸರಿನ ಭಾಗವಾಗಿ ಗೌರವ ಪಡೆದದ್ದು ಸಾಮಾನ್ಯ ಸಂಗತಿಯಲ್ಲ. ಇದಕ್ಕೆ ಪ್ರತಿಯಾಗಿ, ವಚನ ಸಂಕಲನಗಳಲ್ಲಿ ‘ಉರಿಲಿಂಗಪೆದ್ದಿಗಳ ಪುಣ್ಯಸ್ತ್ರೀ ಕಾಳವ್ವೆ’, ‘ದಸರಯ್ಯಗಳ ಪುಣ್ಯಸ್ತ್ರೀ ವೀರಮ್ಮ’ ಎಂಬ ಇನ್ನೊಂದು ಬಗೆಯ ಹೆಸರಿಸುವಿಕೆಯೂ ಉಂಟು. ಒಂದೇ ಚಳವಳಿಯ ನೆನಪಿನಲ್ಲಿ ಕಾಯಕದಿಂದ ಬಂದ ಹೆಸರು ಮತ್ತು ಗಂಡನಿಂದ ಬಂದ ಹೆಸರು ಎರಡೂ ಉಳಿದಿರುವುದು ಗಮನಾರ್ಹ.

ಲಕ್ಕಮ್ಮನ ಪ್ರಸಂಗವನ್ನು ಇಲ್ಲಿ ತುಸು ವಿವರವಾಗಿ ನೋಡಬೇಕು. ಗಂಡ ಮಾರಯ್ಯ ಒಂದು ದಿನ ಎಂದಿಗಿಂತ ಹೆಚ್ಚು ಅಕ್ಕಿಯನ್ನು ಆಯ್ದು ತಂದಾಗ, ಹೆಚ್ಚಿನದನ್ನು ಅಲ್ಲಿಯೇ ಸುರಿದು ಬರುವಂತೆ ಆಕೆ ಕಳುಹಿಸುತ್ತಾಳೆ. ಈ ಪ್ರಸಂಗವನ್ನು ನಿರಾಶೆಯ, ಅಪರಿಗ್ರಹದ ಉದಾಹರಣೆಯಾಗಿ ಬೋಧಿಸಲಾಗಿದೆ. ಅದು ಸರಿಯೂ ಹೌದು. ಆದರೆ ಪ್ರಸಂಗದ ರಚನೆಯನ್ನು ನೋಡಿದರೆ, ದಿನದ ಅಗತ್ಯವೆಷ್ಟು, ಬಂದ ಆದಾಯವೆಷ್ಟು, ಯಾವುದು ತಮಗೆ ಸೇರತಕ್ಕದ್ದು ಎಂಬ ಲೆಕ್ಕ ಆಕೆಯ ಬಳಿಯಿದೆ. ತರುವವನು ಆತ, ತೀರ್ಮಾನಿಸುವವಳು ಆಕೆ. ಇದನ್ನು ಇಂದಿನ ಆಡಳಿತ ಶಾಸ್ತ್ರದ ಪರಿಭಾಷೆಗೆ ಎಳೆದುತರುವ ಅಗತ್ಯವಿಲ್ಲ. ಜನಮನಸ್ಸು ಲೆಕ್ಕದ ಒಡತಿಯಾಗಿ ಹೆಣ್ಣನ್ನು ಕಲ್ಪಿಸಿಕೊಳ್ಳಬಲ್ಲದಾಗಿತ್ತು ಎಂಬಷ್ಟನ್ನು ಒಪ್ಪಿದರೆ ಸಾಕು.

ಆ ಕಲ್ಪನೆ ಪೇಟೆಯ ವ್ಯವಸ್ಥೆಯಲ್ಲಿ ಬೇರೂರಲಿಲ್ಲ. ಅಡತಿ ಅಂಗಡಿ, ಬಟ್ಟೆಯಂಗಡಿ, ದಾಲ್ ಮಿಲ್ಲುಗಳ ಕೀರ್ದಿ-ಖಾತೆಗಳು ಗಂಡುಮಕ್ಕಳ ಕೈಯಲ್ಲಿ ತಲೆಮಾರಿನಿಂದ ತಲೆಮಾರಿಗೆ ಸಾಗಿದವು. ಫಲಕಗಳ ಮೇಲೆ ‘ಆಂಡ್ ಸನ್ಸ್’ ಎಂದಿರುತ್ತದೆ. ಅಂಗಡಿಗೆ ಮಹಾಲಕ್ಷ್ಮಿಯ ಹೆಸರಿಡುವುದಕ್ಕೆ ಮಾತ್ರ ಯಾರ ಅಡ್ಡಿಯೂ ಇರಲಿಲ್ಲ! ಕಲಬುರಗಿಯ ತೊಗರಿ 2019ರಲ್ಲಿ ಭೌಗೋಳಿಕ ಸೂಚಕದ ಮಾನ್ಯತೆ ಪಡೆಯಿತು. ಆ ತೊಗರಿಯ ಕಳೆ ತೆಗೆಯುವುದರಿಂದ ಹಿಡಿದು ಹಸನು ಮಾಡುವವರೆಗಿನ ಕೆಲಸದಲ್ಲಿ ಹೆಣ್ಣಿನ ಕೈಯಿದ್ದರೂ, ಸವಾಲು ನಡೆಯುವ ಪ್ರಾಂಗಣದಲ್ಲಿ ಆಕೆಯ ಧ್ವನಿ ವಿರಳ.

ಹೆಣ್ಣು ತಾನೇ ಬಂಡವಾಳ ಹೂಡಿ, ತಾನೇ ದರ ಹೇಳಿ, ತಾನೇ ಹಣ ಎಣಿಸಿಕೊಂಡ ವ್ಯವಹಾರವೆಂದರೆ ಈ ಭಾಗದಲ್ಲಿ ಮುಖ್ಯವಾಗಿ ರೊಟ್ಟಿಯದು. ಜೋಳದ ಹಿಟ್ಟಿಗೆ ಕುದಿಯುವ ನೀರು ಹಾಕಿ ನಾದಿ, ಅಂಗೈಯಿಂದ ಬಡಿದು ಹಂಚಿನ ಮೇಲೆ ಬೇಯಿಸುವ ಬಿಸಿರೊಟ್ಟಿ ಮನೆಯ ಊಟ. ಅದನ್ನೇ ತೆಳ್ಳಗೆ ಬಡಿದು, ಬೇಯಿಸಿ ಒಣಗಿಸಿದರೆ ಕಡಕ್ ರೊಟ್ಟಿಯಾಗುತ್ತದೆ, ವಾರಗಟ್ಟಲೆ ಕೆಡುವುದಿಲ್ಲ. ಈ ಬಾಳಿಕೆಯ ಗುಣವೇ ರೊಟ್ಟಿಯನ್ನು ಅಡುಗೆಮನೆಯಿಂದ ಪೇಟೆಗೆ ತಂದಿತು. ಮೊದಲು ಅದು ಪ್ರಯಾಣಿಕರ ಬುತ್ತಿಯಾಗಿತ್ತು. ಜಾತ್ರೆ, ಮದುವೆಗಳ ಮುನ್ನ ಓಣಿಯ ಹೆಂಗಸರೆಲ್ಲ ಕೂಡಿ ಬಡಿದು ಒಟ್ಟುವ ಮುಯ್ಯಿಯ ಕೆಲಸವಾಗಿತ್ತು. ಮುಯ್ಯಿ ಕೂಲಿಯಾಗಿ, ಕೂಲಿ ಮಾರಾಟವಾಗಿ ಬದಲಾದುದು ನಗರ ಬೆಳೆದಂತೆ, ವಸತಿನಿಲಯ-ಕಚೇರಿಗಳು ಹೆಚ್ಚಿದಂತೆ. ಜೊತೆಗೆ ಶೇಂಗಾ ಹಿಂಡಿ ಸೇರಿತು. ಇದೇ ಸರಕು ಗಡಿಯಾಚೆಯ ಸೊಲ್ಲಾಪುರದಲ್ಲಿ ‘ಕಡಕ್ ಭಾಕರಿ’ ಮತ್ತು ಶೇಂಗಾ ಚಟ್ನಿಯಾಗಿ ಹೆಸರಾಗಿದೆ.

ಸೊಲ್ಲಾಪುರದ ಗಿರಣಿಗಳಿಗೆ ಈ ಸೀಮೆಯಿಂದ ಕೂಲಿಕಾರರು ಹೋದಂತೆ ಅವರ ಊಟದ ವ್ಯವಸ್ಥೆಯೂ ಬೆಳೆಯಿತು. ಗಿರಣಿ ಪಟ್ಟಣಗಳ ಖಾನಾವಳಿ ಎಂಬ ಸಂಸ್ಥೆ ಬಹುಮಟ್ಟಿಗೆ ಹೆಂಗಸರ ಸೃಷ್ಟಿ. ಗಂಡನನ್ನು ಕಳೆದುಕೊಂಡವರಿಗೆ ಅದೊಂದು ಆಸರೆಯಾಗಿತ್ತು. ತಿಂಗಳ ಕೊನೆಗೆ ಪಗಾರವಾದಾಗ ಹಣ ಬರುತ್ತದೆ, ಹಿಟ್ಟು-ಕಟ್ಟಿಗೆಗಳಿಗೆ ಮಾತ್ರ ದಿನದಿನವೂ ಬೇಕು. ಈ ಅಂತರವನ್ನು ತುಂಬುತ್ತಿದ್ದವರು ಕಿರಾಣಿ ಅಂಗಡಿಯ ಉದ್ರಿ ಮತ್ತು ಲೇವಾದೇವಿಯವರು. ಮುಂಬಯಿಯಲ್ಲಿ 1975ರಲ್ಲಿ ಪ್ರೇಮಾ ಪುರವ ಅವರು ಖಾನಾವಳಿಯ ಹೆಂಗಸರನ್ನು ಸಂಘಟಿಸಿ ಅನ್ನಪೂರ್ಣಾ ಮಹಿಳಾ ಮಂಡಳವನ್ನು ಕಟ್ಟಿದರು. ಆ ಹೆಂಗಸರಿಗೆ ರಾಷ್ಟ್ರೀಕೃತ ಬ್ಯಾಂಕಿನ ಸಾಲ ದೊರಕಿಸಿದ್ದು ಈ ಗಂಟನ್ನು ಬಿಡಿಸುವ ಪ್ರಯತ್ನವೇ ಆಗಿತ್ತು. 1959ರಲ್ಲಿ ಏಳು ಮಹಿಳೆಯರು ಎಂಬತ್ತು ರೂಪಾಯಿ ಸಾಲದಿಂದ ಆರಂಭಿಸಿದ ಲಿಜ್ಜತ್ ಪಾಪಡ್ ಸಂಸ್ಥೆಯಲ್ಲಿ ಹಪ್ಪಳ ಲಟ್ಟಿಸುವವಳೇ ಒಡತಿಯೆಂಬ ನಿಯಮವಿದೆ. ಕಲಬುರಗಿ ಸೀಮೆಯ ರೊಟ್ಟಿಗೆ ಇಂಥ ಸಂಘಟನೆ ಬಹುಕಾಲ ಒದಗಲಿಲ್ಲ. ಲೆಕ್ಕ ಬಾಯಿಯಲ್ಲಿ ಅಥವಾ ಗೋಡೆಯ ಮೇಲಿನ ಇದ್ದಿಲ ಗೆರೆಯಲ್ಲಿ ಉಳಿಯಿತು. ಉಳಿತಾಯ ಓಣಿಯ ಭಿಶಿಯಲ್ಲಿ ಸುತ್ತಿತು. ಸುಣ್ಣ ಬಳಿದಾಗ ಗೋಡೆಯ ದಾಖಲೆ ಅಳಿಸಿಹೋಗುತ್ತದೆ. ವ್ಯಾಪಾರ ಚರಿತ್ರೆಯ ಬರಹಗಾರರಿಗೆ ಈ ಮಹಿಳೆಯರು ಕಾಣದೆ ಹೋದುದಕ್ಕೆ ಅದೂ ಒಂದು ಕಾರಣ.

ಬ್ಯಾಂಕಿಗೆ ಬೇಕಾದದ್ದು ಆಸ್ತಿಯ ಆಧಾರ, ಮತ್ತು ಆಸ್ತಿ ಹೆಣ್ಣಿನ ಹೆಸರಿನಲ್ಲಿರಲಿಲ್ಲ. ಕರ್ನಾಟಕದ ಹಿಂದೂ ಉತ್ತರಾಧಿಕಾರ ತಿದ್ದುಪಡಿ 1994ರ ಜುಲೈ 30ರಿಂದ ಜಾರಿಗೆ ಬಂದು, ಮಗಳಿಗೆ ಅವಿಭಕ್ತ ಕುಟುಂಬದ ಆಸ್ತಿಯಲ್ಲಿ ಹುಟ್ಟಿನಿಂದಲೇ ಹಕ್ಕು ನೀಡಿತು. ಆದರೆ ಅದಕ್ಕೆ ಮೊದಲೇ ಮದುವೆಯಾದವರನ್ನು ಹೊರಗಿಟ್ಟಿತು. 2005ರ ಕೇಂದ್ರ ತಿದ್ದುಪಡಿ ಆ ಭೇದವನ್ನು ತೆಗೆಯಿತು. ಕಾನೂನು ಬಂದ ಮಾತ್ರಕ್ಕೆ ಪಹಣಿಯಲ್ಲಿ ಹೆಸರು ಬರುವುದಿಲ್ಲ. ತವರಿನ ಬಾಗಿಲು ಮುಚ್ಚೀತೆಂಬ ಅಳುಕಿನಿಂದ ಹಕ್ಕು ಬಿಟ್ಟುಕೊಡುವ ಹೆಣ್ಣುಮಕ್ಕಳು ಎಲ್ಲ ಸೀಮೆಗಳಲ್ಲಿಯೂ ಇದ್ದಾರೆ. ಅಕ್ಷರದ ತೊಡಕು ಇನ್ನೊಂದು. 2011ರ ಜನಗಣತಿಯಲ್ಲಿ ಈ ಜಿಲ್ಲೆಯ ಮಹಿಳಾ ಸಾಕ್ಷರತೆ ಶೇ 55ರ ಆಸುಪಾಸಿನಲ್ಲಿತ್ತು.

ಬ್ಯಾಂಕಿನ ಅನುಮಾನ ಹಳ್ಳಿಗಷ್ಟೇ ಸೀಮಿತವಾಗಿರಲಿಲ್ಲ. 1978ರಲ್ಲಿ ಬೆಂಗಳೂರಿನಲ್ಲಿ ಬಯೋಕಾನ್ ಆರಂಭಿಸಿದ ಕಿರಣ್ ಮಜುಂದಾರ್ ಷಾ ಅವರಿಗೂ ಹೆಣ್ಣೆಂಬ ಕಾರಣಕ್ಕೆ ಸಾಲ ದೊರೆಯುವುದು ಕಷ್ಟವಾಗಿತ್ತೆಂದು ಅವರೇ ಹೇಳಿಕೊಂಡಿದ್ದಾರೆ. 1983ರಲ್ಲಿ ಅದೇ ನಗರದಲ್ಲಿ ಮಹಿಳಾ ಉದ್ಯಮಿಗಳ ಸಂಘಟನೆ ‘ಅವೇಕ್’ ಹುಟ್ಟಿಕೊಂಡಿತು. 2013ರ ಕಂಪನಿ ಕಾಯ್ದೆ ಷೇರುಪೇಟೆಯಲ್ಲಿರುವ ಕಂಪನಿಗಳ ನಿರ್ದೇಶಕ ಮಂಡಳಿಯಲ್ಲಿ ಕನಿಷ್ಠ ಒಬ್ಬ ಮಹಿಳೆ ಇರಬೇಕೆಂದು ವಿಧಿಸಿತು. ಒಬ್ಬ ಮಹಿಳೆಯೆಂಬ ಕನಿಷ್ಠವೇ ಸಮತೋಲನವೆನಿಸದು. ಜೊತೆಗೆ, ಒಡೆತನ ಹೊಂದಿದ ಮನೆತನದ ಮಹಿಳೆಯನ್ನೇ ಆ ಸ್ಥಾನಕ್ಕೆ ತರುವ ರೂಢಿ ಬೆಳೆದಿತ್ತು. ಅದನ್ನು ನೋಡಿಯೇ ನಿಯಂತ್ರಕ ಸಂಸ್ಥೆ ಸೆಬಿ, ಮೊದಲ 500 ಕಂಪನಿಗಳಿಗೆ 2019ರ ಏಪ್ರಿಲ್‌ನಿಂದ ಸ್ವತಂತ್ರ ಮಹಿಳಾ ನಿರ್ದೇಶಕಿಯನ್ನು ಕಡ್ಡಾಯ ಮಾಡಬೇಕಾಯಿತು. ಸಾಹುಕಾರ್ತಿಯ ಸಮಸ್ಯೆ ಅಲ್ಲಿಯೂ ಬೇರೆ ವೇಷದಲ್ಲಿ ಇತ್ತೆನ್ನಬಹುದು.

ಗ್ರಾಮೀಣ ಕರ್ನಾಟಕದಲ್ಲಿ ಬದಲಾವಣೆ ಬಂದದ್ದು ಎರಡು ದಾರಿಗಳಿಂದ. ಒಂದು ಪಂಚಾಯತಿ: 1987ರ ಮಂಡಲ ಪಂಚಾಯತಿ ಚುನಾವಣೆಯಲ್ಲಿ ಶೇ 25 ಮಹಿಳಾ ಮೀಸಲಾತಿ ಜಾರಿಯಾಯಿತು; 2010ರ ಹೊತ್ತಿಗೆ ಅದು ಶೇ 50ಕ್ಕೆ ಏರಿತು. ಅಧ್ಯಕ್ಷೆಯ ಬದಲು ಗಂಡನೇ ಕಾರಭಾರ ನಡೆಸುವ ಪ್ರಸಂಗಗಳು ನಗೆಚಾಟಿಕೆಗೆ ವಸ್ತುವಾದರೂ, ‘ಅಧ್ಯಕ್ಷೆಯ ಗಂಡ’ ಎಂಬ ನುಡಿಗಟ್ಟಿನಲ್ಲಿ ಗಂಡಸೊಬ್ಬ ಹೆಂಡತಿಯ ಹುದ್ದೆಯಿಂದ ಗುರುತಿಸಲ್ಪಡುವುದು ಜಾನಪದದ ದೃಷ್ಟಿಯಿಂದ ಹೊಸ ಸಂಗತಿ. ಇನ್ನೊಂದು ಸ್ವಸಹಾಯ ಸಂಘ. ನಬಾರ್ಡ್ 1992ರಲ್ಲಿ ಸಂಘಗಳನ್ನು ಬ್ಯಾಂಕಿಗೆ ಜೋಡಿಸುವ ಯೋಜನೆಯನ್ನು ಆರಂಭಿಸಿತು, 2000-01ರಲ್ಲಿ ರಾಜ್ಯದ ಸ್ತ್ರೀಶಕ್ತಿ ಯೋಜನೆ ಬಂದಿತು. ಸಂಘದ ಪುಸ್ತಕದಲ್ಲಿ ಆಸ್ತಿಯ ಬದಲು ಪರಸ್ಪರ ಹೊಣೆಯೇ ಆಧಾರ. ಸಹಿ ಮಾಡುವವಳು ಹೆಣ್ಣು. ಓಣಿಯ ಭಿಶಿಗೆ ಬ್ಯಾಂಕಿನ ಪಾಸ್‌ಬುಕ್ ದೊರೆತಂತಾಯಿತು. 2023ರ ಆಗಸ್ಟ್‌ನಲ್ಲಿ ಆರಂಭವಾದ ಗೃಹಲಕ್ಷ್ಮಿ ಯೋಜನೆ ಕುಟುಂಬದ ‘ಯಜಮಾನಿ’ಯ ಖಾತೆಗೆ ತಿಂಗಳಿಗೆ 2,000 ರೂಪಾಯಿ ನೀಡುವುದೆಂದಾಯಿತು. ಯಜಮಾನನ ಹೆಂಡತಿ ಎಂಬ ಅರ್ಥವನ್ನು ಬಿಟ್ಟು ‘ಯಜಮಾನಿ’ ಪದ ಸರಕಾರಿ ಕಾಗದದಲ್ಲಿ ಸ್ವತಂತ್ರವಾಗಿ ನಿಂತಿತು.

ಕಲಬುರಗಿಯ ರೊಟ್ಟಿ ಸಂಘಟಿತ ಉದ್ಯಮವಾದದ್ದು ಈಚಿನ ವರ್ಷಗಳಲ್ಲಿ. ಜಿಲ್ಲಾಡಳಿತದ ನೆರವಿನಿಂದ ಸ್ವಸಹಾಯ ಸಂಘಗಳ ಮಹಿಳೆಯರು ಸಹಕಾರಿ ಕಟ್ಟಿಕೊಂಡು ‘ಕಲಬುರಗಿ ರೊಟ್ಟಿ’ ಎಂಬ ಹೆಸರಿನಲ್ಲಿ ಮಾರಾಟಕ್ಕೆ ತೊಡಗಿದರು. 2025ರ ಜೂನ್ ತಿಂಗಳ ‘ಮನ್ ಕಿ ಬಾತ್’ ಕಾರ್ಯಕ್ರಮದಲ್ಲಿ ಪ್ರಧಾನಮಂತ್ರಿಗಳು ಇದನ್ನು ಪ್ರಸ್ತಾಪಿಸಿದಾಗ, ದಿನಕ್ಕೆ 3,000ಕ್ಕೂ ಹೆಚ್ಚು ರೊಟ್ಟಿ ತಯಾರಾಗುತ್ತಿರುವುದನ್ನೂ ಬೆಂಗಳೂರಿನ ಮಾರಾಟ ಮಳಿಗೆಯನ್ನೂ ಹೇಳಿದ್ದರು. ಆಡುಮಾತಿನಲ್ಲಿ ಈ ಕೆಲಸದವಳು ‘ರೊಟ್ಟಿ ಬಡಿಯಾಕಿ’. ಹಲವು ಮನೆಗಳ ರೊಟ್ಟಿಯನ್ನು ಒಟ್ಟುಗೂಡಿಸಿ, ದರ ಕಟ್ಟಿ, ದೂರದ ಊರಿಗೆ ಕಳುಹಿಸುವವಳನ್ನು ಆ ಹೆಸರಿನಿಂದ ಕರೆದರೆ ಸಾಲದು.

ದರ ಕಟ್ಟುವ ಪ್ರಶ್ನೆ ಜೋಳದ ಖರೀದಿಯಿಂದಲೇ ಆರಂಭವಾಗುತ್ತದೆ. ಹಿಂಗಾರಿ ಜೋಳ ಕಣಕ್ಕೆ ಬರುವುದು ಫೆಬ್ರವರಿ-ಮಾರ್ಚ್ ಸುಮಾರಿಗೆ. ಆಗ ಚೀಲಗಟ್ಟಲೆ ಕೊಂಡಿಡಬಲ್ಲವರಿಗೆ ಮಳೆಗಾಲದ ದರದೇರಿಕೆ ತಟ್ಟುವುದಿಲ್ಲ. ಸೇರುಗಟ್ಟಲೆ ಕೊಳ್ಳುವವರ ಲಾಭ ಜೋಳದ ದರದಲ್ಲಿಯೇ ಕರಗಿಹೋಗುತ್ತದೆ. ಒಂಟಿಯಾಗಿ ರೊಟ್ಟಿ ಬಡಿಯುವವಳು ಎಂದೂ ಸೇರುಗಟ್ಟಲೆಯ ಗಿರಾಕಿಯೇ. ಸುಗ್ಗಿಯಲ್ಲಿ ಎಷ್ಟು ಚೀಲ, ಯಾರಿಂದ, ಯಾವ ದರಕ್ಕೆ ಕೊಳ್ಳಬೇಕೆಂಬುದನ್ನು ಅಡತಿಯವನ ಬದಲು ಮಹಿಳೆಯರ ಸಭೆ ತೀರ್ಮಾನಿಸಿ ನಡವಳಿ ಪುಸ್ತಕದಲ್ಲಿ ಬರೆಯುವ ಕಡೆ, ಆ ಪುಸ್ತಕವೇ ಈ ಸೀಮೆಯ ವ್ಯಾಪಾರ ಚರಿತ್ರೆಗೆ ಹೊಸ ಆಕರವಾಗುತ್ತದೆ.