ಕೆಂಪಡಿಕೆ: ಬಸವಾಪಟ್ಟಣ–ಚನ್ನಗಿರಿ ಸೀಮೆಯ ಬೆಳೆ, ಕೊಯ್ಲು ಮತ್ತು ಬೇಯಿಸುವಿಕೆ

ಪೂರ್ತಿ ಹಣ್ಣಾಗದ ಹಸಿರು ಅಡಿಕೆಯನ್ನು ಸುಲಿದು, ಚೊಗರು ಎಂಬ ಕಡುಗೆಂಪು ರಸದಲ್ಲಿ ಬೇಯಿಸಿ, ಬಿಸಿಲಿಗೆ ಒಣಗಿಸಿದಾಗ ಸಿಗುವುದು ಕೆಂಪಡಿಕೆ. ಕರಾವಳಿಯಲ್ಲಿ ಹಣ್ಣಡಿಕೆಯನ್ನು ಸಿಪ್ಪೆಸಮೇತ ಅಂಗಳದಲ್ಲಿ ಹರಡಿ, ಸುಮಾರು ನಲವತ್ತು ದಿನ ಬಿಸಿಲು ಕಾಣಿಸಿ, ಆಮೇಲೆ ಸುಲಿಯುತ್ತಾರೆ. ಅದು ಚಾಲಿ, ಬಿಳಿಯಡಿಕೆ. ಮಲೆನಾಡು ಮತ್ತು ಅದಕ್ಕೆ ಹೊಂದಿಕೊಂಡ ಅರೆಮಲೆನಾಡಿನ ರೂಢಿ ಇದಕ್ಕೆ ತಿರುಗಾಮುರುಗಾ: ಮೊದಲು ಸುಲಿತ, ನಂತರ ಬೆಂಕಿ, ಕೊನೆಗೆ ಬಿಸಿಲು. ಎರಡೂ ಒಂದೇ ಮರದ ಫಲ. ಆದರೂ ಬಣ್ಣ, ರುಚಿ, ಕೊಳ್ಳುವವರು, ಬೆಲೆ ಎಲ್ಲವೂ ಬೇರೆ. ಈ ವ್ಯತ್ಯಾಸ ಹುಟ್ಟುವುದು ತೋಟದಲ್ಲಿ ಅಲ್ಲ, ಕಾಯಿ ಕೀಳುವ ದಿನವನ್ನು ಗೊತ್ತುಮಾಡುವಲ್ಲಿ ಮತ್ತು ಹಂಡೆಯ ಮುಂದೆ. ಹಾಗಾಗಿ ಈ ಲೇಖನದ ಹೆಚ್ಚಿನ ಭಾಗ ಅಲ್ಲಿಯದೇ.

ಬಸವಾಪಟ್ಟಣ ದಾವಣಗೆರೆ ಜಿಲ್ಲೆ ಚನ್ನಗಿರಿ ತಾಲ್ಲೂಕಿನ ಹೋಬಳಿ ಕೇಂದ್ರ. (ಹಾಸನ ಜಿಲ್ಲೆಯ ಅರಕಲಗೂಡು ತಾಲ್ಲೂಕಿನಲ್ಲೂ ಇದೇ ಹೆಸರಿನ ಊರಿದೆ, ಎರಡನ್ನೂ ಬೆರೆಸಬಾರದು.) 1997ರಲ್ಲಿ ದಾವಣಗೆರೆ ಜಿಲ್ಲೆ ಆಗುವ ತನಕ ಚನ್ನಗಿರಿ, ಹೊನ್ನಾಳಿ ತಾಲ್ಲೂಕುಗಳು ಶಿವಮೊಗ್ಗಕ್ಕೆ ಸೇರಿದ್ದವು. ಅಡಿಕೆಯ ವ್ಯವಹಾರದಲ್ಲಿ ಆ ನಂಟು ಇಂದಿಗೂ ಕಡಿದಿಲ್ಲ: ಶಿವಮೊಗ್ಗ ಮಾರುಕಟ್ಟೆಯ ದರವನ್ನು ಇಲ್ಲಿಯವರು ತಮ್ಮೂರಿನ ದರವೆಂಬಂತೆಯೇ ನೋಡುತ್ತಾರೆ. ಶಾಂತಿಸಾಗರ ಎಂದೂ ಹೆಸರಿರುವ ಸೂಳೆಕೆರೆ ಇದೇ ತಾಲ್ಲೂಕಿನಲ್ಲಿ, ಬಸವಾಪಟ್ಟಣಕ್ಕೆ ಸಮೀಪದಲ್ಲಿದೆ. ಕೆರೆಯ ನೀರಿಗೆ ಭದ್ರಾ ಜಲಾಶಯದ ನಾಲೆಯ ನೀರೂ ಸೇರಿದ ಮೇಲೆ ಈ ಭಾಗ ಭತ್ತದ ಸೀಮೆಯಾಯಿತು. ಅದಾದ ಮೇಲಿನ ದಶಕಗಳಲ್ಲಿ ಗದ್ದೆಗಳು ಒಂದೊಂದಾಗಿ ತೋಟಗಳಾದವು. ಭತ್ತಕ್ಕೆ ವರ್ಷಕ್ಕೆರಡು ಸಲ ಆಳು ಹುಡುಕಬೇಕು, ಬೆಲೆಯೋ ಏರುವುದಿಲ್ಲ. ಅಡಿಕೆ ಒಮ್ಮೆ ನಿಂತರೆ ಐವತ್ತು ವರ್ಷದ ಮಾತು. ರೈತರ ಲೆಕ್ಕ ಇಷ್ಟು ಸರಳವಾಗಿತ್ತು.

ತೋಟ

ಅಡಿಕೆ ತಾಳೆಯ ಕುಟುಂಬದ ಮರ. ಸಸ್ಯಶಾಸ್ತ್ರದಲ್ಲಿ ಅರೆಕಾ ಕ್ಯಾಟೆಚು. ಗಂಡು ಹೂ, ಹೆಣ್ಣು ಹೂ ಎರಡೂ ಒಂದೇ ಹಿಂಗಾರದಲ್ಲಿರುತ್ತವೆ: ಎಳೆಗಳ ತುದಿಗೆ ಗಂಡು, ಬುಡಕ್ಕೆ ಹೆಣ್ಣು. ಗಂಡು ಹೂಗಳು ಅರಳಿ ಉದುರಿದ ಮೇಲೆಯೇ ಹೆಣ್ಣು ಹೂ ಅರಳುವುದರಿಂದ ಪರಾಗ ಹೆಚ್ಚಾಗಿ ಬೇರೆ ಮರದಿಂದ ಬರಬೇಕು. ಆದಕಾರಣ ಬೀಜದ ಸಸಿ ತಾಯಿಮರವನ್ನೇ ಹೋಲುತ್ತದೆಂಬ ಖಾತರಿ ಇಲ್ಲ. ವರ್ಷ ತಪ್ಪದೆ ಗೊನೆ ಬಿಡುವ, ನಡುವಯಸ್ಸಿನ ಮರವನ್ನು ಗುರುತಿಟ್ಟು ಅದರ ಹಣ್ಣನ್ನೇ ಬೀಜಕ್ಕೆ ಇಡುವ ಹಿರಿಯರ ಅಭ್ಯಾಸವನ್ನು ತೋಟಗಾರಿಕೆಯವರು ಈಗಲೂ ಹೇಳಿಕೊಡುತ್ತಾರೆ. ವಿಟ್ಲದಲ್ಲಿ 1956ರಲ್ಲಿ ಶುರುವಾದ ಅಡಿಕೆ ಸಂಶೋಧನಾ ಕೇಂದ್ರ 1972ರಲ್ಲಿ ಮಂಗಳ ತಳಿಯನ್ನು ಬಿಡುಗಡೆ ಮಾಡಿತು. ಸುಮಂಗಳ, ಶ್ರೀಮಂಗಳ, ಮೋಹಿತ್‌ನಗರ ಆಮೇಲೆ ಬಂದವು. ಕೆಂಪಡಿಕೆ ಮಾಡುವವರು ಮಾತ್ರ ತೀರ್ಥಹಳ್ಳಿ ಸ್ಥಳೀಯ ತಳಿಯಂಥ ನಾಟಿ ತಳಿಗಳನ್ನು ಸುಲಭಕ್ಕೆ ಬಿಡಲಿಲ್ಲ.

ಸಸಿಯನ್ನು ಒಂದರಿಂದ ಒಂದೂವರೆ ವರ್ಷದ ವಯಸ್ಸಿಗೆ, ಒಂಬತ್ತಡಿಗೆ ಒಂಬತ್ತಡಿ ಅಂತರದಲ್ಲಿ ಹಾಕುವುದು ಶಿಫಾರಸು. ಮೊದಲ ವರ್ಷಗಳ ನೆರಳಿಗೆ ಬಾಳೆ. ಐದರಿಂದ ಏಳನೆಯ ವರ್ಷದೊಳಗೆ ಮೊದಲ ಹಿಂಗಾರ ಒಡೆಯುತ್ತದೆ. ಗದ್ದೆ ತೋಟಗಳಲ್ಲಿ ಮುಖ್ಯವಾದದ್ದು ಬಸಿಗಾಲುವೆ. ಕೆಸರು ತುಳಿದು ತುಳಿದು ಗಟ್ಟಿಯಾದ ಭತ್ತದ ನೆಲದಲ್ಲಿ ನೀರು ಇಂಗದೆ ನಿಲ್ಲುತ್ತದೆ, ಬೇರು ಉಸಿರುಗಟ್ಟುತ್ತದೆ. ನೀರಿಗಾಗಿ ಅಡಿಕೆ ಹಾಕಿದವರು ನೀರು ಹೊರಹಾಕುವುದಕ್ಕೂ ಅಷ್ಟೇ ದುಡಿಯಬೇಕು. ಮಳೆ ಕೈಕೊಟ್ಟ ವರ್ಷ ಕಥೆ ತಲೆಕೆಳಗು: ನಾಲೆಯಲ್ಲಿ ನೀರಿಲ್ಲ, ಕೊಳವೆಬಾವಿ ಬತ್ತಿದೆ, ಟ್ಯಾಂಕರ್ ನೀರು ತಂದು ಮರ ಉಳಿಸಿಕೊಳ್ಳುವ ಓಡಾಟ. ಒಂದು ಹಂಗಾಮು ಒಣಗಿದ ಗದ್ದೆ ಮುಂದಿನ ಮಳೆಗೆ ಮತ್ತೆ ಹಸಿರಾಗುತ್ತದೆ. ಒಣಗಿದ ತೋಟವನ್ನು ಮತ್ತೆ ಕಟ್ಟಲು ಏಳು ವರ್ಷ ಬೇಕು.

ಮಲೆನಾಡಿನ ದೊಡ್ಡ ಶತ್ರುವಾದ ಕೊಳೆರೋಗ ಇಲ್ಲಿ ಅಷ್ಟಾಗಿ ಕಾಡುವುದಿಲ್ಲ, ಮಳೆ ಕಡಿಮೆ. ಮೈಸೂರು ಸಂಸ್ಥಾನದ ಕೃಷಿ ವಿಜ್ಞಾನಿ ಲೆಸ್ಲಿ ಕೋಲ್ಮನ್ 1910ರ ಸುಮಾರಿಗೆ ಈ ರೋಗವನ್ನು ಅಧ್ಯಯನ ಮಾಡಿ ಬೋರ್ಡೋ ದ್ರಾವಣ ಸಿಂಪಡಿಸುವ ಕ್ರಮವನ್ನು ರೂಢಿಗೆ ತಂದರು. ಮೈಲುತುತ್ತ ಮತ್ತು ಸುಣ್ಣದ ಆ ದ್ರಾವಣವನ್ನು ಬಿಟ್ಟು ಮಲೆನಾಡಿನ ತೋಟಗಳು ಇನ್ನೂ ಮಳೆಗಾಲಕ್ಕೆ ಕಾಲಿಡುವುದಿಲ್ಲ.

ಕೊಯ್ಲು

ಹಿಂಗಾರದಿಂದ ಹಣ್ಣಾಗಲು ಹತ್ತು–ಹನ್ನೊಂದು ತಿಂಗಳು. ಕೆಂಪಡಿಕೆಗೆ ಅಷ್ಟು ದಿನ ಕಾಯುವಂತಿಲ್ಲ. ಆರು–ಏಳು ತಿಂಗಳಿಗೇ ಗೊನೆ ಇಳಿಸಬೇಕು. ಕಾರಣ ಟ್ಯಾನಿನ್. ಎಳೆ ಕಾಯಿಯಲ್ಲಿ ಒಗರಿನ ಈ ಅಂಶ ಹೇರಳ, ಕಾಯಿ ಬಲಿತಂತೆಲ್ಲ ಅದು ಇಳಿಯುತ್ತದೆ. ಬೇಯಿಸಿದಾಗ ಕೆಂಪು ಬರುವುದು ಇದರಿಂದಲೇ. ತೀರಾ ಎಳೆಯದಾದರೆ ಬಣ್ಣ ಚೆಂದ, ಆದರೆ ಒಣಗಿದಾಗ ತೂಕವೆಲ್ಲ ಕರಗಿ ಹೋಗುತ್ತದೆ. ಬಲಿತರೆ ತೂಕ ಸಿಗುತ್ತದೆ, ದರ್ಜೆ ಕೆಳಗಿಳಿಯುತ್ತದೆ. ಬೆಳೆಗಾರನ ಇಡೀ ವರ್ಷದ ಜಾಣತನ ಈ ಎರಡರ ನಡುವಿನ ಕೆಲವೇ ದಿನಗಳಲ್ಲಿ ಪರೀಕ್ಷೆಗೆ ಬೀಳುತ್ತದೆ.

ಒಂದೇ ಮರದ ಗೊನೆಗಳೂ ಒಟ್ಟಿಗೆ ಬಲಿಯುವುದಿಲ್ಲ. ಆದ್ದರಿಂದ ಮಳೆಗಾಲ ಇಳಿಮುಖವಾಗುವಾಗ ಆರಂಭವಾದ ಕೊಯ್ಲು ಡಿಸೆಂಬರ್–ಜನವರಿಯವರೆಗೆ ಮೂರು–ನಾಲ್ಕು ಸರದಿಗಳಲ್ಲಿ ನಡೆಯುತ್ತದೆ. ಮಲೆನಾಡಿನಲ್ಲಿ ಕೊನೆಗಾರ ಮರ ಹತ್ತಿ, ಮೇಲಿನಿಂದಲೇ ಪಕ್ಕದ ಮರಕ್ಕೆ ದಾಟುತ್ತಾನೆ. ಆ ಕಸುಬಿನವರು ವರ್ಷದಿಂದ ವರ್ಷಕ್ಕೆ ವಿರಳ. ಬಯಲಿನಲ್ಲಿ ದೋಟಿಯೇ ಹೆಚ್ಚು. ಉದ್ದನೆಯ ಬಿದಿರಿನ ತುದಿಗೆ ಕತ್ತಿ ಕಟ್ಟಿ ನೆಲದಿಂದಲೇ ಗೊನೆ ಕೊಯ್ಯುತ್ತಾರೆ. ಇತ್ತೀಚೆಗೆ ಬಂದಿರುವ ಕಾರ್ಬನ್ ಫೈಬರ್ ದೋಟಿ ಹಗುರ, ಆದರೆ ದುಬಾರಿ. ತೋಟದ ಪಕ್ಕದಲ್ಲೋ ಮೇಲೋ ವಿದ್ಯುತ್ ತಂತಿ ಹಾದಿದ್ದರೆ ಯಾವ ದೋಟಿಯೂ ಅಪಾಯವೇ.

ಸುಲಿತ, ಬೇಯಿಸುವುದು, ಒಣಗಿಸುವುದು

ಇಳಿಸಿದ ಹಸಿ ಅಡಿಕೆ ಕಾಯುವುದಿಲ್ಲ. ರಾಶಿಯಲ್ಲಿ ಬಿದ್ದರೆ ಬಿಸಿಯೇರಿ ತಿರುಳಿನ ಬಣ್ಣ ಕೆಡುತ್ತದೆ. ಹಾಗಾಗಿ ಗೊನೆ ಬಂದ ಸಂಜೆಯೇ ಸುಲಿತಕ್ಕೆ ಕೂರಬೇಕು. ಮೆಟ್ಟುಗತ್ತಿಯೆಂದರೆ ಮರದ ಹಲಗೆಗೆ ನಿಲ್ಲಿಸಿದ ಅಲಗು. ಹಲಗೆಯನ್ನು ಕಾಲಲ್ಲಿ ಒತ್ತಿಕೊಂಡು, ಕಾಯಿಯನ್ನು ಅಲಗಿಗೆ ಒತ್ತಿ ಸಿಪ್ಪೆ ಬಿಡಿಸುತ್ತಾರೆ. ಸುಲಿಯುವವರಲ್ಲಿ ಹೆಚ್ಚಿನವರು ಹೆಂಗಸರು. ಕೂಲಿ ದಿನಕ್ಕಲ್ಲ, ಸುಲಿದ ಅಳತೆಗೆ. ಚೊಗರಿನಿಂದ ಬೆರಳು ಕಪ್ಪಾಗುತ್ತದೆ, ಹಂಗಾಮು ಮುಗಿದ ಮೇಲೂ ಕಲೆ ಬೇಗ ಹೋಗುವುದಿಲ್ಲ. ಸುಲಿಯುವ ಯಂತ್ರಗಳು ಈಗ ಊರೂರಲ್ಲಿ ಸದ್ದು ಮಾಡುತ್ತಿವೆ. ಕಾಯಿಗಳು ಒಂದೇ ಗಾತ್ರದವಿದ್ದರೆ ಅವು ಚೆನ್ನಾಗಿ ನಡೆಯುತ್ತವೆ. ಚಿಕ್ಕ ದೊಡ್ಡವು ಬೆರೆತ ಗೊನೆಯಲ್ಲಿ ತಿರುಳಿಗೆ ಗಾಯವಾಗುತ್ತದೆ, ಗಾಯವಾದ ಅಡಿಕೆಗೆ ಬೆಲೆ ಕಡಿಮೆ.

ಬೇಯಿಸಲು ತಾಮ್ರದ ಇಲ್ಲವೇ ಇತರ ಲೋಹದ ಅಗಲ ಹಂಡೆ. ಕೆಳಗೆ ಮಣ್ಣಿನ ಅಥವಾ ಇಟ್ಟಿಗೆಯ ಒಲೆ. ಬರಿನೀರಿನಲ್ಲಿ ಬೆಂದ ಅಡಿಕೆ ಪೇಲವ. ಹಿಂದಿನ ಸಲದ ನೀರು ಕುದಿದು ಕುದಿದು ದಟ್ಟವಾದ ಕಡುಗೆಂಪು ರಸವೇ ಚೊಗರು. ಹೊಸ ನೀರಿಗೆ ಅದನ್ನು ಹದವಾಗಿ ಬೆರೆಸುತ್ತಾರೆ. ಮಲೆನಾಡಿನ ಕೆಲ ಮನೆಗಳಲ್ಲಿ ಮತ್ತಿ, ನೇರಳೆಯಂಥ ಮರಗಳ ತೊಗಟೆ, ವೀಳ್ಯದೆಲೆ, ಒಂದಿಷ್ಟು ಸುಣ್ಣ ಹಾಕುವುದೂ ಇದೆ. ಪ್ರಮಾಣ ಮನೆಯಿಂದ ಮನೆಗೆ ಬೇರೆ, ಹಂಗಾಮಿನ ಮೊದಲ ಹಂಡೆಗೂ ಕೊನೆಯ ಹಂಡೆಗೂ ಬೇರೆ. ಬರೆದಿಟ್ಟ ಪಾಕವಿಧಾನ ಇಲ್ಲಿ ಕೆಲಸಕ್ಕೆ ಬರುವುದಿಲ್ಲ. ಬೇಯಿಸುವವನು ಒಂದೆರಡು ಅಡಿಕೆಯನ್ನು ಜಾಲರಿಯಲ್ಲಿ ಎತ್ತಿ, ಸೀಳಿ, ಒಳಗಿನ ಬಣ್ಣ ಮತ್ತು ಮೆದುತನ ನೋಡಿ ಬೆಂಕಿ ಹಿಂದೆಳೆಯುತ್ತಾನೆ. ಕಮ್ಮಿ ಬೆಂದದ್ದು ಒಣಗುವಾಗ ಬೂಸ್ಟು ಹಿಡಿಯುತ್ತದೆ, ಅತಿಯಾಗಿ ಬೆಂದದ್ದು ಹೊಳಪು ಕಳೆದುಕೊಳ್ಳುತ್ತದೆ.

ನೀರು ಬಸಿದ ಅಡಿಕೆಯನ್ನು ಅಟ್ಟದ ಮೇಲೋ, ಸಿಮೆಂಟು ಕಣದ ಮೇಲೋ, ಬಲೆ ಹಾಸಿದ ಮಂಚಿಕೆಯ ಮೇಲೋ ತೆಳುವಾಗಿ ಹರಡುತ್ತಾರೆ. ಒಳ್ಳೆಯ ಬಿಸಿಲಿದ್ದರೆ ಒಂದು ವಾರ ಸಾಕು. ಚನ್ನಗಿರಿ ಸೀಮೆಗೆ ಇಲ್ಲೊಂದು ಅನುಕೂಲ ತಾನಾಗಿ ಒದಗಿದೆ. ತೀರ್ಥಹಳ್ಳಿಯಲ್ಲಿ ಅಡಿಕೆ ಬೇಯುವ ದಿನಗಳಲ್ಲಿ ಮೋಡ ಇನ್ನೂ ಚದುರಿರುವುದಿಲ್ಲ, ಹೊಗೆಯ ಬಿಸಿಯಲ್ಲಿ ಒಣಗಿಸಬೇಕಾಗಿ ಬರುತ್ತದೆ. ಬಸವಾಪಟ್ಟಣದ ಕಡೆ ಆ ಹೊತ್ತಿಗೆ ಆಕಾಶ ತೆರೆದಿರುತ್ತದೆ. ಆದರೂ ಅಕ್ಟೋಬರ್–ನವೆಂಬರಿನ ಅಕಾಲಿಕ ಮಳೆಗೆ ಇಲ್ಲಿಯವರೂ ಹೆದರುತ್ತಾರೆ. ಟಾರ್ಪಾಲು ಹೊದಿಸಿದ ರಾಶಿ ಎರಡು ದಿನ ಬೆವರಿದರೆ ಒಳಗೆ ಬೂಸ್ಟು ಹಿಡಿದಿರುತ್ತದೆ.

ಚೆನ್ನಾಗಿ ಒಣಗಿದ ಅಡಿಕೆಯನ್ನು ಕೈಯಲ್ಲಿ ಹಿಡಿದು ಕುಲುಕಿದರೆ ಕಲ್ಲಿನಂತೆ ಗಲಗಲ ಎನ್ನುತ್ತದೆ. ಒಂದು ಕ್ವಿಂಟಾಲ್ ಹಸಿ ಅಡಿಕೆಯಿಂದ ಉಳಿಯುವುದು ಸಾಧಾರಣ 12ರಿಂದ 13 ಕೆ.ಜಿ. ಮಿಕ್ಕದ್ದು ಸಿಪ್ಪೆ ಮತ್ತು ನೀರು.

ದರ್ಜೆ ಮತ್ತು ಮಾರಾಟ

ಶಿವಮೊಗ್ಗ ಮಾರುಕಟ್ಟೆಯ ದರಪಟ್ಟಿಯಲ್ಲಿ ಸರಕು, ಬೆಟ್ಟೆ, ರಾಶಿ, ಗೊರಬಲು ಎಂಬ ನಾಲ್ಕು ಹೆಸರುಗಳನ್ನು ಕಾಣಬಹುದು. ಸರಕು ಎಳೆಯದು, ಬೆಲೆಯಲ್ಲಿ ಎಲ್ಲಕ್ಕೂ ಮೇಲೆ. ಬೆಟ್ಟೆಯೆಂದರೆ ಹೋಳು ಮಾಡಿ ಬೇಯಿಸಿದ್ದು. ರಾಶಿ ಇಡಿಯಾಗಿ ಬೇಯಿಸಿದ ಬಲಿತ ಅಡಿಕೆ. ಚನ್ನಗಿರಿ ಕಡೆಯ ಮಾಲಿನಲ್ಲಿ ಬಹುಪಾಲು ಇದೇ. ಗೊರಬಲು ಬಲಿತು ಮೀರಿದ್ದು, ದರ್ಜೆಯಲ್ಲಿ ಕೊನೆಯದು. ಮಾಲು ಚನ್ನಗಿರಿಯ ತುಮ್‌ಕೋಸ್, ಶಿವಮೊಗ್ಗದ ಮ್ಯಾಮ್‌ಕೋಸ್‌ನಂಥ ಸಹಕಾರ ಸಂಘಗಳಿಗೆ, ಖಾಸಗಿ ಮಂಡಿಗಳಿಗೆ, ಚಿತ್ರದುರ್ಗದ ಭೀಮಸಮುದ್ರದ ವರ್ತಕರಿಗೆ ಹೋಗುತ್ತದೆ. ಅಲ್ಲಿಂದ ಮುಂದೆ ಉತ್ತರ ಭಾರತದ ಪಾನ್ ಮಸಾಲ ಕಾರ್ಖಾನೆಗಳು. 1973ರಲ್ಲಿ ಮಂಗಳೂರಿನಲ್ಲಿ ವಾರಣಾಶಿ ಸುಬ್ರಾಯ ಭಟ್ಟರ ಮುಂದಾಳತ್ವದಲ್ಲಿ ಹುಟ್ಟಿದ ಕ್ಯಾಂಪ್ಕೊ ಮುಖ್ಯವಾಗಿ ಚಾಲಿಯ ಸಂಸ್ಥೆಯಾದರೂ ಕೆಂಪಡಿಕೆಯನ್ನೂ ಕೊಳ್ಳುತ್ತದೆ. ಹೊರದೇಶದ ಅಗ್ಗದ ಅಡಿಕೆ ತಡೆಯಲು ಕೇಂದ್ರ ಸರ್ಕಾರ 2023ರಲ್ಲಿ ಕನಿಷ್ಠ ಆಮದು ಬೆಲೆಯನ್ನು ಕೆ.ಜಿ.ಗೆ 251ರಿಂದ 351 ರೂಪಾಯಿಗೆ ಏರಿಸಿತು. ಕಳ್ಳದಾರಿಯಲ್ಲಿ ಬರುವ ಅಡಿಕೆಗೆ ಈ ಬೆಲೆ ಅನ್ವಯಿಸುವುದಿಲ್ಲ ಎಂಬುದು ಬೆಳೆಗಾರರ ಹಳೆಯ ತಕರಾರು. ಕೆಳದರ್ಜೆಯ ಮಾಲಿಗೆ ಕೃತಕ ಬಣ್ಣ ಹಾಕಿ ರಾಶಿಯೆಂದು ಮಾರುವುದು ಇನ್ನೊಂದು ರೋಗ. ಇದಕ್ಕೆ ಬೋರ್ಡೋ ದ್ರಾವಣವಿಲ್ಲ.

ಖೇಣಿ

ಮೇಲೆ ಹೇಳಿದ ಸುಲಿತ, ಬೇಯಿಸುವಿಕೆಗಳು ಒಂದು ಕಾಲಕ್ಕೆ ಪ್ರತಿ ಬೆಳೆಗಾರನ ಹಿತ್ತಲಿನ ಕೆಲಸ. ಈಗ ಬಹಳಷ್ಟು ಮನೆಗಳಲ್ಲಿ ಹಂಡೆ ಬೋರಲು ಬಿದ್ದಿದೆ. ತೋಟದ ಫಸಲನ್ನು ಖೇಣಿದಾರ ಹಿಡಿಯುತ್ತಾನೆ. ಮುಂಗಡ ಕೊಡುವವನು, ಕೊಯ್ಲಿನ ಗುಂಪನ್ನು ಕರೆತರುವವನು, ಹಸಿ ಅಡಿಕೆ ತೂಗಿ ತನ್ನ ಖೇಣಿ ಮನೆಗೆ ಸಾಗಿಸಿ ಬೇಯಿಸುವವನು ಎಲ್ಲ ಅವನೇ. ಲೆಕ್ಕ ಎರಡು ಬಗೆ: ಕ್ವಿಂಟಾಲ್ ಹಸಿಗೆ ಇಷ್ಟು ರೂಪಾಯಿ, ಇಲ್ಲವೇ ಇಷ್ಟು ಕೆ.ಜಿ. ಒಣ ಅಡಿಕೆ. ಎರಡನೆಯದರಲ್ಲಿ ಬೆಲೆ ಏರಿದರೆ ರೈತನಿಗೆ ಲಾಭ, ಇಳಿದರೆ ನಷ್ಟವೂ ಅವನದೇ. ಕರಾರು ಬಹುತೇಕ ಬಾಯಿಮಾತಿನದು. ಆಳಿನ ಬರ, ನಗರಕ್ಕೆ ಹೋದ ಮಕ್ಕಳು, ಒಂದೇ ವಾರದಲ್ಲಿ ಎಲ್ಲರ ತೋಟವೂ ಕೊಯ್ಲಿಗೆ ಬರುವ ಗಡಿಬಿಡಿ ನೋಡಿದರೆ ಖೇಣಿಯನ್ನು ದೂರುವುದು ಕಷ್ಟ. ಆದರೆ ಮೌಲ್ಯ ಕೂಡುವ ಹಂತವೇ ಬೆಳೆಗಾರನ ಕೈಬಿಟ್ಟಿತೆಂಬುದೂ ನಿಜ. ಎಳೆ ಯಾವುದು, ಬಲಿತದ್ದು ಯಾವುದೆಂದು ಬೆಟ್ಟಿಟ್ಟು ಹೇಳಬಲ್ಲ ಕಣ್ಣುಗಳು ಈಗ ಖೇಣಿ ಮನೆಯಲ್ಲಿವೆ.

ಸಿಪ್ಪೆ ಮತ್ತು ಚೊಗರು

ಹಂಗಾಮಿನಲ್ಲಿ ಚನ್ನಗಿರಿ ರಸ್ತೆಗಳ ಬದಿಗೆ ಅಡಿಕೆ ಸಿಪ್ಪೆ ಗುಡ್ಡೆ ಬೀಳುತ್ತದೆ. ಕೊಳೆತು ನಾರುತ್ತದೆ, ಯಾರೋ ಬೆಂಕಿಯಿಟ್ಟರೆ ದಿನಗಟ್ಟಲೆ ಹೊಗೆ, ವಾಹನ ಸವಾರರಿಗೆ ಮುಂದಿನ ದಾರಿ ಕಾಣದು. ಇದೇ ಸಿಪ್ಪೆಯನ್ನು ಸಗಣಿ ಜೊತೆ ಕೊಳೆಸಿದರೆ ಗೊಬ್ಬರ, ಮರದ ಬುಡಕ್ಕೆ ಹರಡಿದರೆ ತೇವ ಹಿಡಿಯುವ ಹೊದಿಕೆ. ಅಡಿಕೆ ಮರದ ಹಾಳೆಗೆ ಊಟದ ತಟ್ಟೆಯಾಗಿ ಮಾರುಕಟ್ಟೆ ಸಿಕ್ಕಿದೆ, ಸಿಪ್ಪೆಗೆ ಇನ್ನೂ ಇಲ್ಲ. ಚೊಗರಿನ ಅದೃಷ್ಟ ವಾಸಿ: ಸಾಗರ ತಾಲ್ಲೂಕಿನ ಭೀಮನಕೋಣೆಯಲ್ಲಿ ರಂಗಕರ್ಮಿ ಪ್ರಸನ್ನ ಕಟ್ಟಿದ ಚರಕ ಸಂಸ್ಥೆ ಅದನ್ನು ಕೈಮಗ್ಗದ ಬಟ್ಟೆಗೆ ನೈಸರ್ಗಿಕ ಬಣ್ಣವಾಗಿ ಬಳಸುತ್ತದೆ.

ಆರೋಗ್ಯ ಮತ್ತು ಕಾನೂನು

ಅಡಿಕೆಯಲ್ಲಿ ಚುರುಕು ತರುವುದು ಅರಿಕೊಲಿನ್ ಎಂಬ ಸಸ್ಯಕ್ಷಾರ. ಬೇಯಿಸುವಾಗ ಅದರ ಒಂದು ಪಾಲು ನೀರಿಗಿಳಿಯುತ್ತದೆ. ಹಾಗೆಂದು ಕೆಂಪಡಿಕೆ ನಿರಪಾಯವೆನ್ನಲಾಗದು. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2004ರಲ್ಲಿ ಪ್ರಕಟಿಸಿದ ವರದಿ, ತಂಬಾಕು ಸೇರದ ಅಡಿಕೆಯನ್ನೂ ಮನುಷ್ಯರಲ್ಲಿ ಕ್ಯಾನ್ಸರ್ ತರುವ ವಸ್ತುಗಳ ಮೊದಲ ಗುಂಪಿಗೆ ಸೇರಿಸಿತು. ಬಾಯಿ ತೆರೆಯಲಾಗದಂತೆ ಒಳಚರ್ಮ ಬಿಗಿದುಕೊಳ್ಳುವ ಸಬ್‌ಮ್ಯೂಕಸ್ ಫೈಬ್ರೋಸಿಸ್ ನೇರವಾಗಿ ಅಡಿಕೆ ಜಗಿಯುವುದರಿಂದಲೇ ಬರುವ ಕಾಯಿಲೆ. ಬೆಳೆಗಾರರ ಸಂಘಟನೆಗಳು ಈ ವರ್ಗೀಕರಣವನ್ನು ಒಪ್ಪುವುದಿಲ್ಲ. ತಾಂಬೂಲದ ಪರಂಪರೆಯನ್ನೂ ಗುಟ್ಕಾವನ್ನೂ ಒಂದೇ ತಕ್ಕಡಿಗೆ ಹಾಕಬಾರದೆಂಬುದು ಅವರ ವಾದ.

ಮನೆಯಲ್ಲೇ ಬೆಳೆದು, ಕೊಯ್ದು, ಹದಮಾಡುವ ಇನ್ನೊಂದು ಅಮಲಿನ ಗಿಡವನ್ನು ಕಾನೂನು ನೋಡುವ ರೀತಿಯೇ ಬೇರೆ. 1985ರ ಮಾದಕದ್ರವ್ಯ ಕಾಯ್ದೆಯಂತೆ ಅನುಮತಿಯಿಲ್ಲದೆ ಹಿತ್ತಲಲ್ಲಿ ಒಂದು ಗಾಂಜಾ ಗಿಡ ಬೆಳೆದರೂ ಅಪರಾಧ. ಶಿಕ್ಷೆ ಹತ್ತು ವರ್ಷದವರೆಗೆ ಹೋಗಬಹುದು. ಮೆಕ್ಕೆಜೋಳ, ಹತ್ತಿಯ ಸಾಲುಗಳ ನಡುವೆ ಬಚ್ಚಿಟ್ಟ ಗಿಡಗಳನ್ನು ಪೊಲೀಸರು ಕಿತ್ತ ಸುದ್ದಿ ಕರ್ನಾಟಕದ ಹಲವು ಜಿಲ್ಲೆಗಳಿಂದ ಬರುತ್ತಿರುತ್ತದೆ. ಅಡಿಕೆಗಾದರೋ ಸಾಲ, ಸಬ್ಸಿಡಿ, ಬೆಳೆ ವಿಮೆ ಇವೆ. ಅಡಿಕೆಗೆ ತಂಬಾಕು ಬೆರೆಸಿದ ಗುಟ್ಕಾವನ್ನು ಮಾತ್ರ ಕರ್ನಾಟಕ 2013ರಲ್ಲಿ ನಿಷೇಧಿಸಿತು. ಕಂಪನಿಗಳು ಪಾನ್ ಮಸಾಲ ಮತ್ತು ತಂಬಾಕನ್ನು ಬೇರೆ ಬೇರೆ ಪೊಟ್ಟಣದಲ್ಲಿ ಮಾರತೊಡಗಿದವು, ಬೆರೆಸುವ ಕೆಲಸ ಗಿರಾಕಿಗೆ ಬಿತ್ತು. ರಾಶಿ ಅಡಿಕೆಯ ಬೇಡಿಕೆ ನಿಲ್ಲಲಿಲ್ಲ.