ಗರ್ಭಕೋಶದ ಒಳಪದರದ ಸೋಂಕು: ಮಾತ್ರೆ 14 ದಿನ ಏಕೆ?

ಕಿಬ್ಬೊಟ್ಟೆಯಲ್ಲಿ ಮಂದ ನೋವು, ದುರ್ವಾಸನೆಯ ಬಿಳಿಸೆರಗು, ಎರಡು ಮುಟ್ಟಿನ ನಡುವೆ ರಕ್ತಸ್ರಾವ, ಸಣ್ಣ ಜ್ವರ. ಗರ್ಭಕೋಶದ ಒಳಪದರಕ್ಕೆ ಸೋಂಕು ತಗುಲಿದಾಗ ಕಾಣುವ ಲಕ್ಷಣಗಳಿವು. ವೈದ್ಯರು ಇದನ್ನು ಎಂಡೋಮೆಟ್ರೈಟಿಸ್ ಎನ್ನುತ್ತಾರೆ. ಗೊನೋರಿಯಾ, ಕ್ಲಮಿಡಿಯಾ ರೋಗಾಣುಗಳಷ್ಟೇ ಅಲ್ಲ, ಯೋನಿಯಲ್ಲಿ ಸಹಜವಾಗಿ ನೆಲೆಸಿರುವ ಬ್ಯಾಕ್ಟೀರಿಯಾಗಳೂ ಗರ್ಭಕಂಠವನ್ನು ದಾಟಿ ಮೇಲೇರಿದಾಗ ಈ ಸೋಂಕು ಉಂಟಾಗುತ್ತದೆ. ಗರ್ಭಪಾತ ಅಥವಾ ಡಿ ಅಂಡ್ ಸಿ ಆದ ಮೇಲೆ, ವಂಕಿ ಹಾಕಿಸಿಕೊಂಡ ಮೊದಲ ಮೂರು ವಾರಗಳಲ್ಲಿ ಅಪಾಯ ಹೆಚ್ಚು.

ಸೌಮ್ಯ ಸೋಂಕಿಗೆ ಆಸ್ಪತ್ರೆ ಸೇರಬೇಕಾಗಿಲ್ಲ. ಆದರೆ ಈ ಎಲ್ಲ ರೋಗಾಣುಗಳನ್ನೂ ಒಂದೇ ಔಷಧ ಮಣಿಸಲಾರದು. ಆದ್ದರಿಂದಲೇ ರಾಷ್ಟ್ರೀಯ ಏಡ್ಸ್ ನಿಯಂತ್ರಣ ಸಂಸ್ಥೆಯು ಸರ್ಕಾರಿ ಆಸ್ಪತ್ರೆಗಳ ಸುರಕ್ಷಾ ಕ್ಲಿನಿಕ್‌ಗಳಿಗಾಗಿ ರೂಪಿಸಿದ ಹಳದಿ ಬಣ್ಣದ 6ನೇ ಕಿಟ್‌ನಲ್ಲಿ ಮೂರು ಔಷಧಗಳಿವೆ: ಸೆಫಿಕ್ಸಿಮ್ 400 ಮಿ.ಗ್ರಾಂ. ಒಮ್ಮೆ ಮಾತ್ರ, ಡಾಕ್ಸಿಸೈಕ್ಲಿನ್ 100 ಮಿ.ಗ್ರಾಂ. ಮತ್ತು ಮೆಟ್ರೊನಿಡಜೋಲ್ 400 ಮಿ.ಗ್ರಾಂ. ದಿನಕ್ಕೆರಡು ಬಾರಿ, 14 ದಿನ.

ತೊಡಕಿರುವುದು ಈ 14 ದಿನಗಳಲ್ಲಿಯೇ. ಮೂರು ನಾಲ್ಕು ದಿನಗಳಲ್ಲಿ ನೋವು ಇಳಿಯುತ್ತದೆ. ಮೆಟ್ರೊನಿಡಜೋಲ್‌ನಿಂದ ಬಾಯಿ ಲೋಹದ ರುಚಿಗೆ ತಿರುಗಿ ವಾಕರಿಕೆ ಬರುತ್ತದೆ. ಮಾತ್ರೆ ಅಲ್ಲಿಗೇ ನಿಲ್ಲುತ್ತದೆ. ಉಳಿದ ಸೋಂಕು ಸದ್ದಿಲ್ಲದೆ ಗರ್ಭನಾಳಗಳಿಗೆ ಹಬ್ಬಿ ಗಾಯದ ಕಲೆ ಉಳಿಸಿದರೆ ಬಂಜೆತನ, ನಾಳದಲ್ಲಿಯೇ ಗರ್ಭ ಕಟ್ಟುವ ಅಪಾಯ ಎರಡೂ ಎದುರಾಗುತ್ತವೆ. ಗಂಡನಿಗೆ ಚಿಕಿತ್ಸೆಯಾಗದಿದ್ದರೆ ಸೋಂಕು ಮರಳುವುದೂ ಉಂಟು. ನಮ್ಮಲ್ಲಿ ಆತ ಆಸ್ಪತ್ರೆಗೆ ಬರುವುದೇ ಅಪರೂಪ.

ಡಾಕ್ಸಿಸೈಕ್ಲಿನ್ ಗರ್ಭಿಣಿಯರಿಗೆ ಸಲ್ಲದು. ಮೊದಲು ಗರ್ಭಪರೀಕ್ಷೆ ಆಗಬೇಕು. ಕಬ್ಬಿಣಾಂಶದ ಮಾತ್ರೆ, ಹಾಲು ಇದರೊಡನೆ ಬೇಡ. ತುಂಬು ಲೋಟ ನೀರಿನೊಂದಿಗೆ ನುಂಗಿ, ಕೂಡಲೇ ಮಲಗದಿರುವುದು ಒಳ್ಳೆಯದು. ಮೂರನೇ ದಿನಕ್ಕೆ ವೈದ್ಯರನ್ನು ಮತ್ತೆ ಕಾಣಬೇಕು. ಗುಣ ಕಾಣುತ್ತಿದ್ದರೆ ವಂಕಿಯನ್ನು ತೆಗೆಸಲೇಬೇಕೆಂದಿಲ್ಲ. ತೀವ್ರ ಜ್ವರ, ವಾಂತಿ, ಗರ್ಭಧಾರಣೆ ಇದ್ದರೆ ಅಥವಾ ಹೆರಿಗೆಯ ನಂತರ ಸೋಂಕು ತಗುಲಿದರೆ ಮನೆಯ ಚಿಕಿತ್ಸೆ ಸಾಲದು, ಇಂಜೆಕ್ಷನ್ ಬೇಕಾಗುತ್ತದೆ. ಪದೇ ಪದೇ ಮರುಕಳಿಸಿದರೆ ಒಳಪದರದ ಕ್ಷಯವನ್ನು ಶಂಕಿಸಬೇಕು. ಅದಕ್ಕೆ ಈ ಮಾತ್ರೆಗಳು ನಾಟುವುದಿಲ್ಲ.

ಔಷಧದಂಗಡಿಯಲ್ಲಿ ಕೇಳಿ ನುಂಗುವ ರೂಢಿ ಬಿಡಬೇಕು. 2014ರ ಮಾರ್ಚ್‌ನಿಂದ ಸೆಫಿಕ್ಸಿಮ್ ಎಚ್1 ಪಟ್ಟಿಯಲ್ಲಿದೆ. ಅದನ್ನು ಚೀಟಿಯಿಲ್ಲದೆ ಮಾರುವಂತಿಲ್ಲ; ವೈದ್ಯರ, ರೋಗಿಯ ಹೆಸರನ್ನು ಅಂಗಡಿಯವರು ದಾಖಲಿಸಬೇಕು. ಮೈಸೂರು ರಸ್ತೆ, ಪೀಣ್ಯದ ಗಾರ್ಮೆಂಟ್ಸ್ ಮಹಿಳೆಯರು ಒಂದು ದಿನದ ಕೂಲಿ ತಪ್ಪೀತೆಂದು ತಪಾಸಣೆ ಮುಂದೂಡುವುದುಂಟು. ಇಎಸ್‌ಐ ವಿಮೆ ಇದ್ದವರಿಗೆ ರಾಜಾಜಿನಗರದ ಇಎಸ್‌ಐ ಆಸ್ಪತ್ರೆಯಲ್ಲಿ ಚಿಕಿತ್ಸೆ ಉಚಿತ. ವಂತಿಗೆಯ ನಿಯಮ ಪೂರೈಸಿದ್ದು, ವೈದ್ಯರು ರಜೆ ಬರೆದುಕೊಟ್ಟರೆ, ಸಾಮಾನ್ಯವಾಗಿ ಮೊದಲೆರಡು ದಿನ ಬಿಟ್ಟು ಸರಾಸರಿ ಕೂಲಿಯ ಶೇ. 70ರಷ್ಟು ಹಣ, ವರ್ಷಕ್ಕೆ 91 ದಿನಗಳವರೆಗೆ ದೊರೆಯುತ್ತದೆ.